ಬಲಗೈ ಜುಮ್ಮು

ಟಕ್.

ಬೆರಳಿನ ನೆಟಿಗೆ ತೆಗೆದಷ್ಟೇ ಸದ್ದು. ಅಂಗಳದಲ್ಲಿ ನಿಂತ ಕಾರಿನ ಚಾರ್ಜರ್ ತಾನಾಗಿಯೇ ನಿಂತುಹೋದಾಗ ಅದರ ಡಬ್ಬಿಯೊಳಗಿಂದ ಬರುವ ಸದ್ದು ಅದು. ಪಕ್ಕದಲ್ಲಿ ಮಲಗಿದ್ದ ನನ್ನ ಗಂಡ ಓಂಕಾರೇಶ್‌ಗೆ ಅದು ಒಂದು ದಿನವೂ ಕೇಳಿಸಿದ್ದಿಲ್ಲ. ನನಗೆ ಎಂಥ ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಮೊಬೈಲ್ ನೋಡಿದೆ. ಹನ್ನೆರಡೂ ಇಪ್ಪತ್ತು. ಕಾರಿನ ಆ್ಯಪ್ ಇಪ್ಪತ್ತಾರು ಪರ್ಸೆಂಟ್ ತೋರಿಸುತ್ತಿತ್ತು. ಅಜ್ಜಂಪುರದಿಂದ ಕಡೂರಿಗೆ ಹೋಗಿ ಬರಲು ನನಗೆ ಕಡಿಮೆಯೆಂದರೂ ಐವತ್ತು ಬೇಕು. ಚಪ್ಪಲಿ ಮೆಟ್ಟಿಕೊಂಡು, ಬಚ್ಚಲಿನಿಂದ ಒಂದು ಬಕೆಟ್ ನೀರು ಎತ್ತಿಕೊಂಡು ಹೊರಗೆ ಹೋದೆ. ಚಾರ್ಜರ್ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಗೇಟಿನ ಪಕ್ಕದ ಗೋಡೆಯ ಬುಡದಲ್ಲಿ ಒಂದು ಸಣ್ಣ ಗುಂಡಿ, ಅದರೊಳಗೆ ಹೂತ ಕಬ್ಬಿಣದ ಪೈಪು, ಪೈಪಿಗೆ ಸುತ್ತಿದ ತಂತಿ. ಅರ್ಥ್ ಗುಂಡಿ. ನಿಧಾನವಾಗಿ ನೀರು ಹೊಯ್ದೆ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ಭೂಮಿಗೆ ನೀರು ಕುಡಿಸಿದರೆ ಮಾತ್ರ ನಮ್ಮ ಕಾರು ಕರೆಂಟು ಕುಡಿಯುತ್ತಿತ್ತು.

ಪಕ್ಕದ ಮನೆಯ ಕಿಟಕಿಯಿಂದ ಕೆಮ್ಮು ಕೇಳಿಸಿತು. ಓಂಕಾರೇಶರ ದೊಡ್ಡಪ್ಪನ ಮಗ ಷಡಕ್ಷರಿ ಭಾವ.

“ಏನಮ್ಮಾ ಅಶ್ವಿನಿ, ಸರಿರಾತ್ರೀಲಿ ಯಾವ ಗಿಡಕ್ಕೆ ನೀರು ಹಾಕ್ತಿದ್ದೀಯ?”

“ಅರ್ಥ್‌ಗೆ ಭಾವ.”

“ಹಾಕು, ಹಾಕು. ಮೊಳಕೆ ಬಂದ್ರೆ ನಮ್ಗೂ ಒಂದ್ ಸಸಿ ಕೊಡು.”

ನಾನು ನಗಲಿಲ್ಲ. ಮಾರನೆಯ ದಿನ ಒಂಬತ್ತೂವರೆಗೆ ಸರಿಯಾಗಿ ನಾನು ಕಡೂರಿನಲ್ಲಿರಬೇಕಿತ್ತು. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ, ವರ್ಷಕ್ಕೊಮ್ಮೆ ಹೊಸದಾಗಿ ಹೆಸರು ಬರೆಸಿಕೊಳ್ಳುವ ಕೆಲಸ. ಆ ತಿಂಗಳು ಆಗಲೇ ಎರಡು ಸಲ ತಡವಾಗಿ ಹೋಗಿದ್ದೆ. “ಮೂರನೇ ಸಲ ಆದ್ರೆ ನಿಮ್ಮ ಕ್ಲಾಸ್‌ಗಳ್ನ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ” ಎಂದು ಪ್ರಿನ್ಸಿಪಾಲರು ನಗುತ್ತಲೇ ಹೇಳಿದ್ದರು. ನಗುತ್ತಾ ಹೇಳಿದ ಮಾತಿಗೆ ನಾನು ಹೆಚ್ಚು ಹೆದರುತ್ತೇನೆ.

ಕಾರು ಬದಲಾಯಿಸೋಣ ಎಂದವಳು ನಾನೇ. ನಮ್ಮ ಹಳೇ ಪೆಟ್ರೋಲ್ ಕಾರಿಗೆ ಹದಿನಾಲ್ಕು ವರ್ಷವಾಗಿತ್ತು. ಎಂಜಿನ್ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳಿದ ದಿನದಿಂದ ನಾನು ಓದತೊಡಗಿದೆ, ವೀಡಿಯೊ ನೋಡತೊಡಗಿದೆ, ಪಟ್ಟಿ ಬರೆದೆ. ಸಿಮೆಂಟ್ ಅಂಗಡಿ ನಡೆಸುವ ಓಂಕಾರೇಶ್ ನನ್ನ ಪಟ್ಟಿ ಓದದೆಯೇ ಒಂದು ಮಾತು ಹೇಳಿದ್ದರು: “ಪೆಟ್ರೋಲ್ ಖಾಲಿ ಆದ್ರೆ ಬಾಟಲೀಲಾದ್ರೂ ತರಬೋದು ಕಣೇ. ಕರೆಂಟ್‌ನ ಯಾವ ಬಾಟಲೀಲಿ ತತ್ತೀಯ?”

“ಮನೇಲಿ ಕರೆಂಟ್ ಇಲ್ವೇನ್ರೀ? ರಾತ್ರಿ ಹಾಕಿದ್ರೆ ಬೆಳಗ್ಗೆ ಫುಲ್” ಎಂದಿದ್ದೆ.

ಷೋರೂಮಿನವನೂ ಹಾಗೇ ಹೇಳಿದ್ದ. ಮೊಬೈಲ್ ಚಾರ್ಜ್ ಮಾಡ್ದಂಗೆ ಮೇಡಂ. ಹಳೇ ಕಾರನ್ನು ಅಲ್ಲೇ ಎಕ್ಸ್‌ಚೇಂಜಿಗೆ ಬಿಟ್ಟು ಬಂದೆವು. ವಾರದ ನಂತರ ಗೋಡೆಗೆ ದೊಡ್ಡ ಚಾರ್ಜರ್ ಹಾಕಲು ಬಂದ ಕಂಪನಿಯ ಹುಡುಗ ಮೀಟರ್ ಹಿಡಿದು ಅಲ್ಲಿ ಇಲ್ಲಿ ಮುಟ್ಟಿಸಿ ನೋಡಿ, “ಅರ್ಥಿಂಗ್ ಸರಿ ಇಲ್ಲ” ಎಂದು ಚೀಟಿ ಬರೆದು, ಚಾರ್ಜರನ್ನು ತನ್ನ ಗಾಡಿಗೆ ವಾಪಸ್ ಹಾಕಿಕೊಂಡು ಹೋದ. ಕಾರಿನ ಜೊತೆ ಕೊಟ್ಟಿದ್ದ ಸಣ್ಣ ಚಾರ್ಜರ್ ಉಳಿಯಿತು. ಅದಕ್ಕೂ ಅರ್ಥ್ ಬೇಕು. ಅರ್ಥ್ ಇಲ್ಲದಿದ್ದರೆ ಅದು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ನಲವತ್ತು ವರ್ಷದ ಹಿಂದೆ ನಮ್ಮ ಮಾವ ಕಟ್ಟಿಸಿದ ಮನೆ. ಅರ್ಥ್ ಇಲ್ಲದೆಯೇ ಮಿಕ್ಸಿ, ಫ್ರಿಜ್ಜು, ಟೀವಿ ಎಲ್ಲ ನಡೆದಿದ್ದವು. ಯಾರೂ ಕೇಳಿರಲಿಲ್ಲ.

ಎಲೆಕ್ಟ್ರಿಷಿಯನ್ ಮುಕ್ತಿಯಾರ್ ಬಂದು ಗುಂಡಿ ತೋಡಿಸಿದ. ಎಂಟಡಿ ಬೇಕಿತ್ತು. ಎರಡೂವರೆ ಅಡಿಗೇ ಹಾರೆ ಠಣ್ ಎಂದಿತು. ನಮ್ಮ ಬೀದಿಯ ಅಡಿಗೆ ಬಂಡೆ. ಇನ್ನೆರಡು ಕಡೆ ತೋಡಿಸಿದ, ಅಲ್ಲಿಯೂ ಬಂಡೆ.

“ಬಂಡೇಲಿ ಅರ್ಥ್ ಸಿಗಲ್ಲ ಅಕ್ಕ. ಸದ್ಯಕ್ಕೆ ಇದ್ದಷ್ಟಕ್ಕೇ ಉಪ್ಪು ಇದ್ದಿಲು ಹಾಕಿ ಪೈಪ್ ಹೂಳ್ತೀನಿ. ಮಣ್ಣು ಹಸಿ ಇರೋತನಕ ನಡೀತದೆ. ಒಣಗಿದ್ರೆ ನಿಂತೋಗ್ತದೆ. ನಿಮ್ ಭಾವನೋರ ಹಿತ್ತಲಲ್ಲಿ ಬಾವಿ ಪಕ್ಕ ಒಳ್ಳೇ ಮಣ್ಣೈತೆ. ಅಲ್ಲಿ ಒಂದ್ ಗುಂಡಿ ಕೊಟ್ರೆ ನಿಮ್ಗೆ ಜನ್ಮದಲ್ಲಿ ಚಿಂತೆ ಇಲ್ಲ.”

ಓಂಕಾರೇಶ್ ಕೇಳಲು ಹೋಗಿದ್ದರು. ಷಡಕ್ಷರಿ ಭಾವ ಕಾಫಿ ಕೊಡಿಸಿ, ಎಲೆಅಡಿಕೆ ಕೊಡಿಸಿ, ಕೊನೆಗೆ ಹೇಳಿದ್ದರಂತೆ: “ಬೇರೆ ಏನಾದ್ರೂ ಕೇಳೋ ತಮ್ಮ. ನಿಮ್ ಕರೆಂಟ್‌ನ ತಂದು ನನ್ ಬಾವಿಗಿಳಿಸ್ತೀನಿ ಅಂದ್ರೆ ಹೆಂಗೆ? ನಾಳೆ ನೀರು ಸೇದಕ್ಕೋದೋರು ಅಲ್ಲೇ ಕರಕಲಾಗೋಗ್ತಾರೆ.” ಅರ್ಥ್ ಗುಂಡಿಗೆ ಕರೆಂಟ್ ಇಳಿಯುವುದಿಲ್ಲ, ಅದು ಬರೀ ಕಾವಲು ಎಂದು ಮುಕ್ತಿಯಾರ್ ಹೋಗಿ ವಿವರಿಸಿದ. “ಇಳಿಯಲ್ಲ ಅಂದ್ಮೇಲೆ ಗುಂಡಿ ಯಾಕೆ ಬೇಕು?” ಎಂದು ಭಾವ ಕೇಳಿದರು. ಮುಕ್ತಿಯಾರ್ ವಾಪಸ್ ಬಂದು ನಮ್ಮ ಗೇಟಿನ ಪಕ್ಕದ ಗುಂಡಿಯಲ್ಲೇ ಪೈಪು ಹೂತ.

ಹೊರಡುವಾಗ ಮುಕ್ತಿಯಾರ್ ಗೇಟಿನ ಹತ್ತಿರ ನಿಂತು ನನಗೊಬ್ಬಳಿಗೇ ಹೇಳಿದ: “ಅಕ್ಕ, ಯಾರಾದ್ರೂ ಬಂದು ಅರ್ಥ್ ಬದ್ಲು ನ್ಯೂಟ್ರಲ್‌ಗೇ, ಅದೇ ಕರೆಂಟ್ ವಾಪಸ್ ಹೋಗೋ ತಂತಿಗೇ, ಕೊಟ್ಬಿಡಿ ಅಂತಾರೆ. ಆ ವೀಡಿಯೊ ಎಲ್ಲ ಮೊಬೈಲಲ್ಲಿ ಬತ್ತವೆ. ದೀಪ ಹಸಿರಾಗ್ತದೆ, ಗಾಡಿ ಚಾರ್ಜೂ ಆಗ್ತದೆ. ಆದ್ರೆ ಕಂಬದ ಮೇಲೆ ನ್ಯೂಟ್ರಲ್ ಬಿಟ್ಕೊಂತು ಅಂದ್ರೆ ಇಡೀ ಕಾರಿಗೇ ಕರೆಂಟ್. ನಂಗೆ ಎಷ್ಟ್ ಕೊಟ್ರೂ ಆ ಕೆಲ್ಸ ಮಾಡಲ್ಲ. ನೀವೂ ಮಾಡಿಸ್ಬೇಡಿ.”

“ಇಲ್ಲಪ್ಪ” ಎಂದೆ.

ಹೈವೇಯಲ್ಲಿ ಒಂದು ಹೋಟೆಲಿನ ಮುಂದೆ ಚಾರ್ಜರ್ ಇತ್ತು, ಬೀರೂರಿಗೂ ಕಡೂರಿಗೂ ನಡುವೆ. ಮೊದಲ ಸಲ ತಡವಾದದ್ದು ಅಲ್ಲಿ. ಚಾರ್ಜಾಯಿತು, ಕೇಬಲ್ಲಿನ ತುದಿಯ ಗನ್ ಮಾತ್ರ ಕಾರಿನಿಂದ ಹೊರಗೆ ಬರಲಿಲ್ಲ. ಅದರ ಲಾಕ್ ಬಿಟ್ಟುಕೊಳ್ಳಲಿಲ್ಲ. ನಲವತ್ತು ನಿಮಿಷ ನಿಂತೆ. ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಒಬ್ಬೊಬ್ಬರಾಗಿ ಎಳೆದರು. “ಹಿಂಗಲ್ಲ ಕಣ್ರೀ, ಕರು ಹಾಕೋವಾಗ ಎಳೀತಾರಲ್ಲ, ಹಂಗೆ ತಿರುಗಿಸಿ ಎಳೀರಿ” ಎಂದು ಒಬ್ಬರು ಹೇಳಿಕೊಟ್ಟರು. ಎರಡನೇ ಸಲ ನಾನು ಹೋಗುವಷ್ಟರಲ್ಲಿ ಹೆಬ್ಬೆ ಫಾಲ್ಸ್ ನೋಡಲು ಹೊರಟವರ ಎರಡು ಕಾರು ಸಾಲಿನಲ್ಲಿದ್ದವು. ಒಬ್ಬ ಗನ್ ಹಾಕಿ ದೋಸೆ ತಿನ್ನಲು ಕೂತಿದ್ದ. ತಟ್ಟೆಯ ಪಕ್ಕ ನಿಂತು ಬೇಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಬಸ್ಸಾದರೆ ಬೀರೂರಿನಲ್ಲಿ ಇಳಿದು ಹತ್ತಬೇಕು, ಮೊದಲನೆಯದು ತಪ್ಪಿದರೆ ಹತ್ತೂವರೆ.

ಆ ರಾತ್ರಿ ನೀರು ಹಾಕಿ ಬಂದು ಮಲಗಿದೆ. ಎರಡೂ ಹತ್ತಕ್ಕೆ ಮತ್ತೆ ಟಕ್ ಎಂದಿತು. ಮೂವತ್ತೆಂಟು ಪರ್ಸೆಂಟ್. ಬಚ್ಚಲಿನ ತೊಟ್ಟಿಯಲ್ಲಿ ಬೆಳಗಿನ ಸ್ನಾನಕ್ಕೆ ಬೇಕಾದಷ್ಟೇ ನೀರಿತ್ತು. ನಲ್ಲಿ ಬರುವುದು ಇನ್ನೆರಡು ದಿನ ಬಿಟ್ಟು. ಹೊರಗೆ ಹೋಗಿ ಆ ಕೆಂಪು ದೀಪದ ಮುಂದೆ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಒಳಗೆ ಬಂದು ಮೇನ್ ಆಫ್ ಮಾಡಿ, ಓಂಕಾರೇಶರ ಸ್ಕ್ರೂಡ್ರೈವರ್ ತೆಗೆದುಕೊಂಡು, ಮೊಬೈಲಿನ ಬೆಳಕಿನಲ್ಲಿ ಚಾರ್ಜರಿನ ಸಾಕೆಟ್ ಬಿಚ್ಚಿದೆ. ಮುಕ್ತಿಯಾರ್ ಹೇಳಿದ್ದ ಆ ವೀಡಿಯೊವನ್ನು ನಾನು ಆಗಲೇ ಮೂರು ಸಲ ನೋಡಿದ್ದೆ. ಕಿರುಬೆರಳಿನಷ್ಟು ಉದ್ದದ ಒಂದು ತಂತಿ. ಅದನ್ನು ಅರ್ಥ್‌ಗೂ ನ್ಯೂಟ್ರಲ್‌ಗೂ ನಡುವೆ ಸೇರಿಸಿ ಸಾಕೆಟ್ ಮುಚ್ಚಿದೆ. ಮೇನ್ ಹಾಕಿದೆ. ಹಸಿರು.

ಬೆಳಗ್ಗೆ ಎಂಟಕ್ಕೆ ಎಪ್ಪತ್ತು ದಾಟಿತ್ತು. ಒಂಬತ್ತೂ ಹದಿನೈದಕ್ಕೆ ಕಾಲೇಜಿನಲ್ಲಿದ್ದೆ.

ಒಂದು ವಾರ ಅಂದುಕೊಂಡಿದ್ದೆ. ಭಾವನ ಮನಸ್ಸು ಬದಲಾಗುವವರೆಗೆ, ಇಲ್ಲವೇ ಬಂಡೆ ಕೊರೆಯುವ ಗಾಡಿ ಸಿಗುವವರೆಗೆ. ಓಂಕಾರೇಶ್‌ಗೆ ಹೇಳಲಿಲ್ಲ. “ಈಗ ನಿಲ್ತಾ ಇಲ್ವಲ್ಲೇ?” ಎಂದು ಕೇಳಿದಾಗ, “ಮಣ್ಣು ಕೂತ್ಕೊಂಡಿರಬೇಕು” ಎಂದೆ. ಪ್ರತಿ ದಿನ ಬೆಳಗ್ಗೆ ಎದ್ದ ಕೂಡಲೇ ಟೆಸ್ಟರ್ ತೆಗೆದುಕೊಂಡು ಹೋಗಿ ಕಾರಿನ ಬಾಗಿಲ ತಿರುಪಿಗೆ ಮುಟ್ಟಿಸಿ ನೋಡುತ್ತಿದ್ದೆ. ಟೆಸ್ಟರಿನ ದೀಪ ಹತ್ತುತ್ತಿರಲಿಲ್ಲ. ಅಂಗೈ ಇಟ್ಟು ನೋಡುತ್ತಿದ್ದೆ. ಏನೂ ಇಲ್ಲ. ನನ್ನ ಕಾಲಲ್ಲಿ ಚಪ್ಪಲಿ ಇರುತ್ತಿತ್ತು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅತ್ತೆಯ ಕಾಲಲ್ಲಿ ಇರುತ್ತಿರಲಿಲ್ಲ.

ನಮ್ಮತ್ತೆ ಕಲ್ಲಮ್ಮ ಬೆಳಗ್ಗೆ ಐದಕ್ಕೆ ಏಳುತ್ತಾರೆ. ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತಟ್ಟೆಯಲ್ಲಿ ಕಲಸಿದ ವಿಭೂತಿ ಹಿಡಿದು ಬರಿಗಾಲಲ್ಲಿ ಹೊರಗೆ ಬರುತ್ತಾರೆ. ಮೊದಲು ತಮ್ಮ ಹಣೆಗೆ, ಆಮೇಲೆ ಹೊಸಿಲಿಗೆ, ಆಮೇಲೆ ಕಾರಿನ ಮೂತಿಗೆ. ಮೂರು ಬೆರಳು, ಮೂರು ಗೆರೆ. ಹಳೇ ಕಾರಿಗೆ ಹದಿನಾಲ್ಕು ವರ್ಷ ಹೀಗೇ ಇಟ್ಟಿದ್ದರು. ಅದನ್ನು ಷೋರೂಮಿನಲ್ಲಿ ಬಿಟ್ಟು ಬಂದ ದಿನ ಅವರು ಕೇಳಿದ್ದು ಒಂದೇ ಮಾತು, “ಅಲ್ಲಿ ಯಾರಾದ್ರೂ ಇಕ್ಕುತಾರೇನೇ?”

ಮಾರ್ಚ್ ಮೊದಲ ವಾರವಿರಬೇಕು. ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಅತ್ತೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ಬಲಗೈ ಕೊಡವಿದರು.

“ಅಶ್ವಿನೀ, ಈ ಕೈ ಯಾಕೋ ಜುಮ್ ಅಂತೈತೆ ಕಣೇ.”

“ಶುಗರ್ ಅತ್ತೆ. ಡಾಕ್ಟ್ರು ಆಗ್ಲೇ ಹೇಳಿರಲಿಲ್ವಾ, ಜುಮ್ ಅನ್ನುತ್ತೆ ಅಂತ?”

“ಅದು ಕಾಲಿಗಂದಿದ್ರು.”

“ಕಾಲಿಗೆ ಬಂದಿದ್ದು ಕೈಗೂ ಬರುತ್ತೆ.”

“ಅಂಗೂ ಇರಬೋದು” ಎಂದರು. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಜುಮ್ ಎನ್ನುತ್ತದೆ, ಪಾದ ಜುಮ್ ಎನ್ನುತ್ತದೆ ಎಂದು ವಾರಕ್ಕೊಮ್ಮೆಯಾದರೂ ಹೇಳುವುದು ನಮಗೆ ರೂಢಿಯಾಗಿತ್ತು. ಕಾಲು ಮರಗಟ್ಟಿದರೂ ಜುಮ್, ಚಳಿಗೆ ಮೈ ನಡುಗಿದರೂ ಜುಮ್, ಭಜನೆಯಲ್ಲಿ ಕಣ್ಣು ತುಂಬಿದರೂ ಜುಮ್. ಕರೆಂಟ್ ಹೊಡೆದರೂ ಅದೇ ಮಾತು. ಅವರ ಬಾಯಿಂದ ಅದು ಬಂದಾಗ ನನಗೆ ಮಾತ್ರೆಯ ಡಬ್ಬಿ ನೆನಪಾಯಿತು. ಸಾಕೆಟ್ ನೆನಪಾಗಲಿಲ್ಲ.

ಒಂದು ಶನಿವಾರ ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲಿನಿಂದಲೂ ಅತ್ತೆಯನ್ನು ನೋಡುತ್ತಾ ಬಂದವರು. ಕೈ ಹಿಡಿದು, ಬೆರಳು ಮಡಿಸಿ ಬಿಡಿಸಿ ನೋಡಿದರು.

“ಎರಡೂ ಕೈನಾ ಅಜ್ಜಿ?”

“ಇಲ್ಲ ಕಣಪ್ಪ, ಇದೊಂದೇಯ.”

“ಯಾವಾಗ ಅನ್ನುತ್ತೆ?”

“ವಿಭೂತಿ ಇಕ್ಕಾಗ.”

ಡಾಕ್ಟರ್ ನನ್ನ ಮುಖ ನೋಡಿದರು. ಹಣೆಗೆ ಇಟ್ಟುಕೊಳ್ಳಲು ಕೈ ಎತ್ತಿದಾಗ ಎಂದು ನಾನು ತಿಳಿದೆ. ಮುದುಕರ ಮಾತನ್ನು ಡಾಕ್ಟರಿಗೆ ತಿದ್ದಿ ಹೇಳುವುದು ಓದಿದ ಸೊಸೆಯರ ಕೆಲಸ. “ಬೆಳಗ್ಗೆ ಹೊತ್ತು ಜಾಸ್ತಿ ಡಾಕ್ಟ್ರೇ, ಕೈ ಮೇಲೆತ್ತಿದಾಗ” ಎಂದೆ. ಅವರು ತಲೆಯಾಡಿಸಿ, ನರದ ಮಾತ್ರೆಯನ್ನು ಒಂದಿದ್ದದ್ದು ಎರಡು ಮಾಡಿ ಬರೆದರು. ಬರುವಾಗ ಅತ್ತೆ ಕಾರಿನಲ್ಲಿ ಕೂತು, “ಸದ್ದೇ ಇಲ್ದಂಗೆ ಓಡ್ತದೆ ನೋಡು, ಪುಣ್ಯಾತ್ಮ” ಎಂದು ಸೀಟು ಸವರಿದರು.

ಏಪ್ರಿಲ್ ಎರಡನೇ ವಾರ. ರಾತ್ರಿಯೆಲ್ಲ ಗಾಳಿ ಬೀಸಿತು, ಮಳೆ ಬರಲಿಲ್ಲ. ಬೆಳಗ್ಗೆ ಐದೂ ಮುಕ್ಕಾಲಿಗೆ ನಾನು ಅಡುಗೆಮನೆಯಲ್ಲಿದ್ದೆ. ಓಂಕಾರೇಶ್ ಬಚ್ಚಲಲ್ಲಿದ್ದರು. ತಲೆಯ ಮೇಲಿನ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು, ಆಮೇಲೆ ಮಂಕಾಯಿತು. ಫ್ರಿಜ್ಜು ಗೊಂಯ್ ಎಂದು ವಿಚಿತ್ರವಾಗಿ ಕೂಗಿತು. ಕಂಬದ ಮೇಲೆ ನ್ಯೂಟ್ರಲ್ ಬಿಟ್ಕೊಂತು ಅಂದ್ರೆ. ಮುಕ್ತಿಯಾರನ ಮಾತು ಅವನ ದನಿಯಲ್ಲೇ ಕಿವಿಗೆ ಬಂತು. ಮೇನ್ ಸ್ವಿಚ್ ಇದ್ದದ್ದು ಪಡಸಾಲೆಯಲ್ಲಿ. ಓಡಿದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೂಗಿದ್ದರೆ ಅತ್ತೆಯ ಕೈ ಕಾರನ್ನು ಮುಟ್ಟುವ ಮೊದಲು ನನ್ನ ದನಿ ಅವರನ್ನು ಮುಟ್ಟುತ್ತಿತ್ತೇನೋ. ಮೇನ್ ಎಳೆಯುವುದಕ್ಕೂ ಹೊರಗೆ ತಟ್ಟೆ ಬಿದ್ದ ಸದ್ದಿಗೂ ಒಂದು ಉಸಿರಿನಷ್ಟು ಅಂತರ. ತಟ್ಟೆ ಮೊದಲು ಬಿತ್ತು.

ಅವರು ಒದ್ದೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದಿತ್ತು. ಉಸಿರಿತ್ತು. ಕಾರಿನ ಮೂತಿಯ ಮೇಲೆ ಮೂರು ಗೆರೆ ಶುರುವಾಗಿ ಮುಗಿದಿರಲಿಲ್ಲ.

ಓಂಕಾರೇಶ್ ಟವೆಲ್ ಸುತ್ತಿಕೊಂಡೇ ಓಡಿ ಬಂದರು. “ಅವ್ವಾ! ಏನಾಯ್ತೇ?”

“ಬಿದ್ದುಬಿಟ್ರು” ಎಂದೆ.

ಅದು ಸುಳ್ಳಲ್ಲ. ಅಂದಿನಿಂದ ನಾನು ಹೇಳಿರುವ ಯಾವ ಮಾತೂ ಪೂರಾ ಸುಳ್ಳಲ್ಲ, ಒಂದನ್ನು ಬಿಟ್ಟು.

ಪ್ಲಗ್ ಕಿತ್ತೆ. ಇಬ್ಬರೂ ಸೇರಿ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. “ಚಾರ್ಜ್ ಎಷ್ಟೈತೆ?” ಎಂದು ಓಂಕಾರೇಶ್ ಕೇಳಿದರು.

“ತೊಂಬತ್ತೆರಡು.”

“ದೇವ್ರು ದೊಡ್ಡೋನು” ಎಂದರು.

ತರೀಕೆರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು. ಸಂಜೆಯ ಹೊತ್ತಿಗೆ ಅತ್ತೆ ಮಾತಾಡಿದರು, ನಮ್ಮನ್ನು ಗುರುತಿಸಿದರು. ಬಲಗೈ ಮಾತ್ರ ಹಾಸಿಗೆಯ ಮೇಲೆ ಇಟ್ಟ ಕಡೆಯೇ ಇತ್ತು. ಏನಾಯ್ತು ಎಂದು ಕೇಳಿದರೆ, “ವಿಭೂತಿ ತಗೊಂಡು ಬಂದೆ. ಆಮೇಲೆ ಗೊತ್ತಿಲ್ಲ ಕಣಪ್ಪ” ಎಂದರು. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಾಣುತ್ತಿಲ್ಲ, ಸಣ್ಣ ಸ್ಟ್ರೋಕ್ ಕಾಣದೆಯೂ ಇರಬಹುದು ಎಂದು ಅಲ್ಲಿನ ಡಾಕ್ಟರ್ ಹೇಳಿದರು. “ಇದಕ್ಕೆ ಮುಂಚೆ ಏನಾದ್ರೂ ತೊಂದರೆ ಹೇಳ್ತಿದ್ರಾ?”

ಓಂಕಾರೇಶ್ ಹೇಳಿದರು, “ಒಂದೂವರೆ ತಿಂಗಳಿಂದ ಇದೇ ಕೈ ಜುಮ್ ಅಂತೈತೆ ಅಂತಿದ್ರು ಸಾರ್.”

ಡಾಕ್ಟರ್ ಪೆನ್ನು ಎತ್ತಿದರು. “ನೋಡಿ, ಅದೇ ಸೂಚನೆ. ಆಗ್ಲೇ ಬರಬೇಕಿತ್ತು.” ಬರೆದುಕೊಂಡರು.

ನರ್ಸ್ ಅತ್ತೆಯ ಬಲಗೈಯ ಮೂರು ಬೆರಳ ತುದಿ ನೋಡಿ, “ಇಲ್ಲಿ ಸುಟ್ಟಂಗಿದೆಯಲ್ಲ” ಎಂದಳು. ಓಂಕಾರೇಶ್, “ಕರ್ಪೂರ ಹಚ್ತಾರಲ್ಲ, ತಾಗಿಸ್ಕೊಂಡಿರ್ತಾರೆ” ಎಂದರು. ನರ್ಸ್ ಮುಲಾಮು ಸವರಿದಳು. ನಾನು ಕಿಟಕಿಯ ಹತ್ತಿರ ನ್ಯಾಪ್‌ಕಿನ್ ಮಡಿಸುತ್ತಿದ್ದೆ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದೆ.

ಸೀರೆ, ಲೋಟ, ಅವರ ಲಿಂಗದ ಕರಡಿಗೆಗೆ ಹೊಸ ದಾರ ತರುತ್ತೇನೆಂದು ರಾತ್ರಿ ನಾನೊಬ್ಬಳೇ ಕಾರು ತೆಗೆದುಕೊಂಡು ಅಜ್ಜಂಪುರಕ್ಕೆ ಬಂದೆ. ಬೀದಿಯಲ್ಲಿ ದೀಪವಿತ್ತು, ಕಂಬಕ್ಕೆ ಏಣಿ ಒರಗಿಸಿದ್ದರು. ಲೈನ್‌ಮನ್ ಜೊತೆ ಮುಕ್ತಿಯಾರ್ ನಿಂತಿದ್ದ. ನನ್ನನ್ನು ನೋಡಿ ಓಡಿ ಬಂದ.

“ಅಜ್ಜಿ ಹೆಂಗವ್ರೆ ಅಕ್ಕ?”

“ಮಾತಾಡಿದ್ರು. ಲಕ್ವ ಅಂತಿದ್ದಾರೆ.”

“ಅಲ್ಲಾಹ್ ಕಾಪಾಡ್ಲಿ.” ಕಂಬದ ಕಡೆ ಕೈ ತೋರಿಸಿದ. “ಬೆಳಗ್ಗೆ ನ್ಯೂಟ್ರಲ್ ಬಿಟ್ಕೊಂಡಿತ್ತು. ಈ ಸಾಲಲ್ಲಿ ಮೂರು ಮನೆ ಟೀವಿ ಸುಟ್ಟೋದ್ವು. ಷಡಕ್ಷರಣ್ಣೋರ ಮೋಟ್ರೂ ಹೋಯ್ತು. ನಿಮ್ ಕಾರು ಚಾರ್ಜಿಗಿತ್ತಾ?”

“ಇಲ್ಲ. ಹಾಕಿರಲಿಲ್ಲ.”

ಆ ಒಂದು ಸುಳ್ಳು. ಅವನ ಕಣ್ಣು ನನ್ನ ಹೆಗಲ ಮೇಲಿಂದ ಹಾಯ್ದು ಅಂಗಳಕ್ಕೆ ಹೋಯಿತು. ಬೆಳಗ್ಗೆ ಕಿತ್ತು ಎಸೆದಿದ್ದ ಚಾರ್ಜರಿನ ಕೇಬಲ್ ರಂಗೋಲಿಯ ಮೇಲೆ ಹಾಗೇ ಬಿದ್ದಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, “ಒಳ್ಳೇದಾಯ್ತು ಬಿಡಿ” ಎಂದು ಏಣಿಯ ಕಡೆಗೆ ಹೋದ.

ಎಲ್ಲರೂ ಹೋದ ಮೇಲೆ ಸಾಕೆಟ್ ಬಿಚ್ಚಿ ಆ ತಂತಿಯನ್ನು ತೆಗೆದೆ. ತಂತಿಗೆ ಏನೂ ಆಗಿರಲಿಲ್ಲ. ಹಾಕಿದಾಗ ಹೇಗಿತ್ತೋ ಹಾಗೇ ಇತ್ತು.

ಅತ್ತೆ ಹನ್ನೊಂದು ದಿನಕ್ಕೆ ಮನೆಗೆ ಬಂದರು. ರಕ್ತ ತೆಳುವಾಗಿಸುವ ಮಾತ್ರೆ ದಿನಕ್ಕೊಂದು, ತಪ್ಪಿಸುವಂತಿಲ್ಲ. ಆ ಮಾತ್ರೆ ಶುರುವಾದ ಮೇಲೆ ಎಲ್ಲಿ ಮುಟ್ಟಿದರೂ ಅವರ ಚರ್ಮ ನೇರಳೆಯಾಗುತ್ತದೆ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತದೆ. ಆ ಮಾತ್ರೆಯನ್ನು ದಿನಾ ರಾತ್ರಿ ನಾನೇ ಅವರ ಎಡ ಅಂಗೈಗೆ ಹಾಕುತ್ತೇನೆ. ಇಲ್ಲದ ಕಾಯಿಲೆಗೆ ಮಾತ್ರೆ ಎಂದು ನನಗೆ ಅನ್ನಿಸುತ್ತದೆ. ಆದರೆ ನಾನು ಡಾಕ್ಟರಲ್ಲ. ಎರಡೂ ಆಗಿರಬಹುದು ಎಂದೂ ಅನ್ನಿಸುತ್ತದೆ. ಹೀಗೆ ಅನ್ನಿಸುವುದು ನನಗೆ ಬೇಕಾಗಿರುವುದರಿಂದ ಅನ್ನಿಸುತ್ತದೆಯೋ ಏನೋ.

ನೋಡಲು ಬಂದವರಿಗೆಲ್ಲ ಓಂಕಾರೇಶ್ ಒಂದೇ ಕತೆ ಹೇಳುತ್ತಾರೆ. “ನಾನು ಈ ಗಾಡೀನ ಎಷ್ಟ್ ಬೈದಿದೀನಿ ಗೊತ್ತಾ? ಆವತ್ತು ತೊಂಬತ್ತೆರಡು ಪರ್ಸೆಂಟ್ ಇತ್ತು ಕಣ್ರೀ. ಹಳೇ ಕಾರಾಗಿದ್ರೆ ಅಷ್ಟೊತ್ತಲ್ಲಿ ಬಂಕ್ ಹುಡುಕ್ಕೊಂಡು ಅಲೀಬೇಕಿತ್ತು. ಇವಳಿಂದ ನಮ್ಮವ್ವ ಉಳೀತು.” ಬಂದವರು ನನ್ನ ಕಡೆ ತಿರುಗಿ ತಲೆದೂಗುತ್ತಾರೆ. ನಾನು ಕಾಫಿ ತರಲು ಒಳಗೆ ಹೋಗುತ್ತೇನೆ.

ಮತ್ತೆ ಗುಂಡಿಗೆ ನೀರು ಹಾಕತೊಡಗಿದೆ. ಬೇಸಿಗೆ ಏರಿದಂತೆ ಒಂದು ಬಕೆಟ್ ನೀರಿಗೆ ಒಂದು ಗಂಟೆಯೂ ನಡೆಯಲಿಲ್ಲ. “ಅದ್ಯಾಕೆ ಮತ್ತೆ ಶುರುವಾಯ್ತೋ?” ಎಂದು ಓಂಕಾರೇಶ್ ಆಶ್ಚರ್ಯಪಟ್ಟರು. ಮೇ ಮೊದಲ ವಾರ ಮೂರನೇ ಸಲ ತಡವಾಯಿತು. ಪ್ರಿನ್ಸಿಪಾಲರು ಅತ್ತೆಯ ಆರೋಗ್ಯ ವಿಚಾರಿಸಿದರು, ಕೂರಿಸಿ ಕಾಫಿ ತರಿಸಿದರು. ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್‌ನಲ್ಲಿ ನನ್ನ ಹೆಸರಿರಲಿಲ್ಲ. ಈಗ ಕಾರು ಹೆಚ್ಚಾಗಿ ನಿಂತೇ ಇರುತ್ತದೆ. ಅದನ್ನು ಮಾರೋಣವೆಂದು ವಿಚಾರಿಸಿದರೆ ಕೊಳ್ಳಲು ಬಂದವರು ಮೊದಲು ಕೇಳುವುದೇ, “ಮನೇಲಿ ಚಾರ್ಜ್ ಮಾಡಕ್ಕೆ ಏನೂ ತೊಂದ್ರೆ ಇಲ್ವಲ್ಲ?”

ಜೂನ್‌ನಲ್ಲಿ ಒಂದು ಶನಿವಾರ ತರೀಕೆರೆಗೆ ಹೋದೆವು. ಶಿವಮೊಗ್ಗದ ನರದ ಡಾಕ್ಟರ್ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿದ್ದ ಚಾರ್ಜರಿನ ಗನ್ ಕಾರಿಗೆ ಹಾಕಿ, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದೆವು. ಡಾಕ್ಟರ್ ಅತ್ತೆಯ ಕೈ ಎತ್ತಿ ಬಿಟ್ಟರು. ಅದು ಮಡಿಲಿಗೆ ಬಿತ್ತು. ಸೂಜಿಯಿಂದ ಚುಚ್ಚಿದರು.

“ಏನಾದ್ರೂ ಗೊತ್ತಾಗುತ್ತಾ ಅಜ್ಜಿ? ಜುಮ್ ಅನ್ನುತ್ತಾ?”

“ಈಗ ಅದೂ ಅನ್ನಲ್ಲ ಕಣಪ್ಪ” ಎಂದರು ಅತ್ತೆ. “ಏನೂ ಅನ್ನಲ್ಲ.”

ಡಾಕ್ಟರ್ ಹಳೇ ಸ್ಕ್ಯಾನ್ ಮತ್ತೆ ತೆಗೆದು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. “ಇಷ್ಟು ಹೊತ್ತಿಗೆ ಸ್ವಲ್ಪನಾದ್ರೂ ತಿರುಗಬೇಕಿತ್ತು. ಇದು ನೋಡಿದ್ರೆ ತಲೆಯದಲ್ಲ, ಕೈಯ ನರದ್ದೇ ಅನ್ನೋ ಹಾಗಿದೆ.” ತಿರುಗಿ ಕೇಳಿದರು, “ಬಿದ್ದಾಗ ಹತ್ತಿರ ಯಾರಿದ್ರು?”

“ನಾನು.”

“ಏನಾಯ್ತು, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಏನಾದ್ರೂ ಹಿಡ್ಕೊಂಡಿದ್ರಾ? ಏನಾದ್ರೂ ತಗುಲಿತಾ?”

ವಾಕ್ಯ ನನ್ನ ಬಾಯಲ್ಲಿತ್ತು. ಎರಡು ತಿಂಗಳಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ, ಒಂದು ಉಸಿರಿನಲ್ಲಿ ಮುಗಿಯುವಂತೆ. ಹೇಳಿದ್ದರೆ ಬಹುಶಃ ಆ ಮಾತ್ರೆ ನಿಲ್ಲುತ್ತಿತ್ತು. ಕೈಗೆ ಬೇರೆ ಔಷಧವಿದ್ದರೆ ಶುರುವಾಗುತ್ತಿತ್ತು. ಓಂಕಾರೇಶ್ ತಾಯಿಯ ಹೆಗಲ ಮೇಲೆ ಕೈಯಿಟ್ಟು ನಿಂತು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೋ ಏನೋ. ಅತ್ತೆ ಎಡಗೈಯಿಂದ ಬಲಗೈಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡು, “ಆ ಮಗೀಗೇನ್ ಗೊತ್ತಪ್ಪ, ಒಳಗೆ ಅಡುಗೆ ಮಾಡ್ತಿತ್ತು” ಎಂದರು.

“ನಾನು ಬರೋ ಹೊತ್ತಿಗೆ ಬಿದ್ದಿದ್ರು ಡಾಕ್ಟ್ರೇ” ಎಂದೆ.

ಅವರು ಹಳೇ ಚೀಟಿಯನ್ನೇ ಮುಂದುವರಿಸಿ ಬರೆದರು. ಹೊರಗೆ ಮೆಟ್ಟಿಲ ಮೇಲೆ ಓಂಕಾರೇಶ್ ಆಟೋ ಕರೆಯಲು ಹೋದರು. ಅತ್ತೆಯ ಸೊಂಟ ಬಳಸಿ ಹಿಡಿದು ನಿಂತಿದ್ದ ನನ್ನ ಮೊಬೈಲಿಗೆ, ಚಾರ್ಜಿಂಗ್ ನಿಂತಿದೆ, ನಲವತ್ತನಾಲ್ಕು ಪರ್ಸೆಂಟ್ ಎಂದು ಸಂದೇಶ ಬಂತು. ಯಾಕೆ ನಿಂತಿತೆಂದು ನೋಡಲಿಲ್ಲ. ಇವತ್ತು ಈ ಕೋಣೆಯಲ್ಲಿ ಹೇಳದ್ದನ್ನು ಇನ್ನು ಎಲ್ಲಿಯೂ ಹೇಳಲಾಗುವುದಿಲ್ಲ, ಹೇಳಿದರೆ ಇವತ್ತು ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ಅಲ್ಲೇ ತಿಳಿಯಿತು. ಆಟೋ ಬಂದು ನಿಲ್ಲುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಡಾಕ್ಟರಿಗಲ್ಲ, ಓಂಕಾರೇಶ್‌ಗಲ್ಲ, ಅತ್ತೆಗೂ ಅಲ್ಲ. ಯಾರಿಗೂ ಹೇಳುವುದಿಲ್ಲ.